ಮಂಜಿ ಹತ್ತಿದ ಮಣ್ಣು

ನಮ್ಮ ಮನೆಗೆ ಬಂದರೆ ನಿಮಗೆ ಕೊಡುವ ಕಾಫಿ ಕಳಸದ ನಮ್ಮ ತೋಟದ್ದು, ಅದರೊಳಗಿನ ಬೆಲ್ಲ ಮಾತ್ರ ಅರಬ್ಬೀ ಸಮುದ್ರದ ನಡುವಿನ ದ್ವೀಪದ್ದು. ತೆಂಗಿನ ನೀರಾ ಕಾಯಿಸಿ ಮಾಡಿದ ಆ ಕಪ್ಪು ಪಾಕ ನಾಲಿಗೆಗೆ ತುಸು ಉಪ್ಪುಪ್ಪಾಗಿ ತಾಗಿದರೆ ಗಾಬರಿಯಾಗಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಹತ್ತಿದ ನನಗೆ ಭೂಗೋಳ ಕಲಿಸಿದ್ದು ಆ ಬೆಲ್ಲ ಬರುವ ದಾರಿಯೇ. ಮಂಗಳೂರಿನ ಹಳೇ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮರದ ಹಡಗುಗಳಿಗೆ ಮಂಜಿ ಎನ್ನುತ್ತಾರೆ. ಅಪ್ಪನ ಕಾಲದಲ್ಲಿ ಅವು ಗಾಳಿಯನ್ನು ನಂಬಿ ಹಾಯಿ ಬಿಚ್ಚುತ್ತಿದ್ದವಂತೆ. ನಾನು ಕಂಡಾಗಿನಿಂದ ಡೀಸೆಲ್ ಇಂಜಿನ್. ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ, ಕೊನೆಗೆ ಮಣ್ಣು ಕೂಡ ಇಲ್ಲಿಂದಲೇ ಹೋಗಬೇಕು. ನಾವು ಹೊಸಿಲಲ್ಲಿ ಕಾಲೊರೆಸಿ ಬಿಡುವ ಕೆಸರು, ಹವಳದ ಪುಡಿಯ ಮೇಲೆ ಕೂತ ಆ ಊರುಗಳಿಗೆ ಸರಕು. ಮಳೆಗಾಲ ಬಂತೋ, ದಾರಿಯೇ ಬಂದ್.

ಕಾಫಿ, ಮೆಣಸಿನ ಲೋಡಿನ ಜೊತೆ ನನ್ನ ತೋಟದ ಕರಿಮಣ್ಣನ್ನೂ ಕೆಲವು ಚೀಲ ಬಂದರಿಗೆ ಒಯ್ಯುತ್ತಿದ್ದೆ. ಮಂಜಿ ನಡೆಸುವ ತಂಡೇಲ ಹಂಸಕೋಯ ತನ್ನ ಅಮ್ಮ ಬೆಳೆಸಿದ ಮೆಣಸಿನ ಬಳ್ಳಿಗೆಂದು ಅದನ್ನು ಕೊಳ್ಳುತ್ತಿದ್ದ. ನನ್ನ ಮಣ್ಣಿನಲ್ಲಿ ಒಂದು ಕಲ್ಲು ಸಿಕ್ಕಿತೆಂದು ಇವತ್ತಿನವರೆಗೆ ಯಾರೂ ಅಂದವರಿಲ್ಲ.

ಹೋದ ಬೇಸಿಗೆಯ ಕೊನೆಯ ಲೋಡಿಗೆ ಹೋದಾಗ ಮಂಜಿಯ ಖಲಾಸಿಗಳು ಮಣ್ಣಿನ ಚೀಲ ಮುಟ್ಟಲೇ ಇಲ್ಲ.

“ಈ ಸಲ ಹುಲಿ ಹಾಕಿದ್ದೀರಾ ಮಾರಾಯ್ರೆ?” ಎಂದ ಒಬ್ಬ.

“ಹುಲಿಗೆ ಬಾಡಿಗೆ ಬೇರೆ,” ಎಂದೆ. ಅವನು ಚೀಲದಿಂದ ಎರಡು ಹೆಜ್ಜೆ ಹಿಂದೆ ಸರಿದ.

ಆಗ ಹಂಸಕೋಯ ಹಿಂದಿನ ಪ್ರಯಾಣದ ಕತೆ ಹೇಳಿದ. ನಡುಗಡಲಿನಲ್ಲಿ, ಮಬ್ಬು ಮಧ್ಯಾಹ್ನ, ಇಂಜಿನ್ನಿನ ಸದ್ದಿನಡಿಯಿಂದ ಕಾಡು ಕೂಗತೊಡಗಿತಂತೆ. ದಾರಿ ತೋರುವ ಯಂತ್ರ ದಡ ದೂರ ಎನ್ನುತ್ತಿತ್ತು, ಕಿವಿ ಹತ್ತಿರ ಎನ್ನುತ್ತಿತ್ತು. ಬಂಡೆಗೆ ಬಡಿದೇವೆಂದು ಇಂಜಿನ್ ನಿಲ್ಲಿಸಿದರೆ ಕಾಡು ಇನ್ನೂ ಜೋರಾಯಿತು. ಹಗ್ಗ ಇಳಿಬಿಟ್ಟರೆ ತಳ ಸಿಗಲಿಲ್ಲ. ಯಾವ ದಿಕ್ಕಿಗೆ ತಿರುಗಿಸಿದರೂ ಅದು ಜೊತೆಗೇ ಬಂತು. ಸಂಜೆಗೆ ಒಬ್ಬನಿಗೆ ಮಣ್ಣಿನ ಚೀಲದ ಬಾಯಲ್ಲಿ, ಬೆನ್ನು ಸೀಳಿದ ಖಾಲಿ ಸಿಪ್ಪೆಯೊಂದು ಕಂಡಿತು.

ಜೀರುಂಡೆ! ಮರದ ಬೇರಿನಡಿ ವರ್ಷಗಟ್ಟಲೆ ಮಲಗಿದ್ದ ಮರಿಗಳು, ಹೊತ್ತು ಬಂತೆಂದು, ಹಡಗಿನಲ್ಲೇ ಎದ್ದು ಬಂದಿದ್ದವು. ತೋಟದಲ್ಲಿ ಕೇಳಿಯೂ ಕೇಳಿಸದ ಆ ಸದ್ದನ್ನು ಒಂದು ಮರವೂ ಇಲ್ಲದ ನೀರಿನ ಮೇಲೆ ನೆನೆದು ಒಂದು ಚೀಲಕ್ಕೆ ಕಿವಿಯಿಟ್ಟೆ. ತಾನು ಬೆಟ್ಟದಲ್ಲಿಲ್ಲ ಎಂಬುದು ಮಣ್ಣಿಗೆ ಗೊತ್ತಾಗುವುದೇ ಇಲ್ಲವೇ?

ಕಾರಣ ತಿಳಿದರೂ ಖಲಾಸಿಗಳ ಭಯ ಇಳಿದಿರಲಿಲ್ಲ. ಮಣ್ಣು ಹತ್ತಿಸಿದರೆ ತಾವು ಹತ್ತುವುದಿಲ್ಲ ಎಂದರು. ಆದರೆ ಹಂಸಕೋಯನ ಮುದಿ ಅಮ್ಮನ ಬಳ್ಳಿ ಬರಿಯ ಹವಳದ ಮೇಲೆ ಮಳೆಗಾಲ ಕಳೆಯಲಾರದು. ಚೀಲಗಳನ್ನು ಹಡಗು ನಿಲ್ಲುವ ಧಕ್ಕೆಯ ಮೇಲೆ ಸುರಿದು, ಎಲ್ಲರೆದುರೇ ಹಿಡಿ ಹಿಡಿಯಾಗಿ ಪುಡಿಮಾಡಿ, ಸಿಕ್ಕ ಮರಿಗಳನ್ನು ಬುಟ್ಟಿಗೆ ಹಾಕಿದೆ. ಕೊನೆಯ ಚೀಲಕ್ಕೆ ಕೈ ಹಾಕುವಾಗ ಹಂಸಕೋಯ ನನ್ನ ಮಣಿಕಟ್ಟು ಹಿಡಿದ.

“ಅದೊಂದು ಇರಲಿ ಅಣ್ಣ. ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಹೋದ ಸಲ ಅಂಗಳದಲ್ಲಿ ಜೀರುಂಡೆ ಕೂಗಿದಷ್ಟು ದಿನ ಬಾಗಿಲಲ್ಲೇ ಕೂತಿದ್ರು. ಸದ್ದು ನಿಂತ ಮೇಲೆ ಒಂದೇ ಪ್ರಶ್ನೆ, ‘ಬಂದವರೆಲ್ಲ ಎಲ್ಲಿಗೆ ಹೋದ್ರು?’ ನಾನು ಎಂತ ಹೇಳುವುದು?”

ಕಡೆಗೆ, ಹುಲಿಯ ಮಾತಾಡಿದವನೇ ಚೀಲವನ್ನು ಹೆಗಲಿಗೇರಿಸಿದ.

ನದಿ ಕಡಲು ಸೇರುವ ಅಳಿವೆಯನ್ನು ಮಂಜಿ ದಾಟಿತು, ಇಂಜಿನ್ನಿನ ಸದ್ದೂ ಅಳಿಯಿತು. ಬುಟ್ಟಿಯ ಮರಿಗಳು ಮೂಕವಾಗಿದ್ದವು. ಆದರೂ ನೀರಿನ ಕಡೆಯಿಂದ, ಸಣ್ಣಗೆ, ಎಡೆಬಿಡದೆ, ನಮ್ಮ ತೋಟ ಕೂಗುತ್ತಿತ್ತು. ಲಾರಿ ಹತ್ತಿ ಕೀಲಿಗೆ ಕೈ ಹಾಕಿದೆ. ಮನೆ ಯಾವ ಕಡೆಗೆಂದು, ಇಷ್ಟು ವರ್ಷದಲ್ಲಿ ಮೊದಲ ಸಲ, ನನ್ನ ಕಿವಿಗೆ ತಿಳಿಯಲಿಲ್ಲ.