ರಾಜ ಕುದುರೆಯಂತೆ ಜಿಗಿದ ಆಟ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಆಗ ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದೆ. ಒಂಟಿಕೊಪ್ಪಲಿನಲ್ಲಿ ನಮ್ಮ ಬೀದಿಯವರು ಚದುರಂಗದ ಪಂದ್ಯ ಏರ್ಪಡಿಸಿದಾಗ ನಾನೂ ಹೆಸರು ಕೊಡಲು ಹೋದೆ. ಕಾರ್ಯದರ್ಶಿಗಳು ಸಂಕೋಚಪಟ್ಟರು. ಗಂಡಸರ ಎದುರು ಹೆಂಗಸನ್ನು ಕೂರಿಸಿದರೆ ಜನ ಏನೆಂದಾರು ಎಂಬ ಯೋಚನೆ ಅವರದು. ಅಪ್ಪ ತರಿಸಿದ್ದ ನಿಯಮಗಳ ಪುಸ್ತಕವನ್ನು ನಾನು ಪೂರ್ತಿ ಓದಿಕೊಂಡಿದ್ದೇನೆಂದು ತಿಳಿದ ಮೇಲೆ, ಆಡುವುದು ಬೇಡ, ತೀರ್ಪು ಹೇಳಲು ಕೂತುಕೊಳ್ಳಿ ಎಂದರು. ಆಟಗಾರರು ಕೇಳಿದರೆ ಮಾತ್ರ ಬಾಯಿ ಬಿಡಬೇಕೆಂದು ಎರಡೆರಡು ಸಲ ಎಚ್ಚರಿಸಿದರು.

ಆ ಸಲ ಮೊದಲ ಬಾರಿಗೆ ಹೊರದೇಶದ ನಿಯಮದಂತೆ ಆಟ. ನಮ್ಮ ಹಳೆಯ ಪದ್ಧತಿಯಲ್ಲಿ ರಾಜನಿಗೆ ಒಂದು ಅನುಕೂಲವಿತ್ತು. ಅದುವರೆಗೆ ಚೆಕ್ ಬಿದ್ದಿಲ್ಲದಿದ್ದರೆ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. ಹೊಸ ನಿಯಮದಲ್ಲಿ ಅದಿಲ್ಲ.

ಸೆಮಿಫೈನಲ್‌ನಲ್ಲಿ ಎದುರುಬದುರಾದವರಲ್ಲಿ ಒಬ್ಬರು ಅರಮನೆಯ ದಫ್ತರದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು, ಐವತ್ತು ವರ್ಷ ಹಳೆಯ ಪದ್ಧತಿಯಲ್ಲೇ ಆಡಿ ಬಂದವರು. ಇನ್ನೊಬ್ಬರು ಇಲವಾಲದ ಒಕ್ಕಲು ಮನೆತನದ ಬಸ್ ಕಂಡಕ್ಟರ್. ಕಂಡಕ್ಟರ ಆಟ ಚುರುಕಾಗಿತ್ತು. ಹಿರಿಯರ ರಾಜ ಮೂಲೆಗೆ ಸಿಕ್ಕಿಬಿದ್ದ, ಇನ್ನು ನಾಲ್ಕೈದು ನಡೆಯಲ್ಲಿ ಕಥೆ ಮುಗಿಯುವಂತಿತ್ತು. ಹಿರಿಯರು ಬಹಳ ಹೊತ್ತು ಯೋಚಿಸಿ, ರಾಜನನ್ನು ಎತ್ತಿ ತಮ್ಮದೇ ಕಾಲಾಳುಗಳ ಮೇಲಿಂದ ಕುದುರೆಯಂತೆ ಜಿಗಿಸಿ ಇಟ್ಟುಬಿಟ್ಟರು.

ಕಂಡಕ್ಟರು ಮಣೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನು ಕಣ್ಣು ತಗ್ಗಿಸಿ, ಆ ನಡೆಯನ್ನು ಹಾಗೇ ಕಾಗದದಲ್ಲಿ ಬರೆದುಕೊಂಡೆ. ಅಲ್ಲಿಂದ ಕಂಡಕ್ಟರ ಆಟ ಕೈತಪ್ಪುತ್ತಾ ಹೋಯಿತು. ಸೋತು, ಫಲಿತಾಂಶಕ್ಕೆ ಸಹಿ ಹಾಕಿ, ಹಿರಿಯರಿಗೆ ಕೈಮುಗಿದು ಹೊರಟರು.

ಮಾರನೆಯ ದಿನ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಹಿರಿಯರು ನಮ್ಮ ಮನೆ ಬಾಗಿಲಲ್ಲಿದ್ದರು. ಕೂರಿ ಎಂದರೂ ಕೂರಲಿಲ್ಲ. ಮನೆಯಲ್ಲಿ ಆಟವನ್ನು ಮತ್ತೆ ಜೋಡಿಸಿ ನೋಡುವಾಗ ತಪ್ಪು ಹೊಳೆದಿತ್ತಂತೆ.

"ನೀವು ನೋಡ್ತಾ ಕೂತಿದ್ರಿ ಅಲ್ವೇನಮ್ಮ? ಒಂದು ಮಾತು ಹೇಳಿದ್ರೆ ತೆಗೆದು ಹಿಂದಕ್ಕಿಡ್ತಿದ್ದೆ. ಈಗ ನೋಡಿ, ಈ ವಯಸ್ಸಲ್ಲಿ ಮೋಸ ಮಾಡಿ ಗೆದ್ದಹಾಗಾಯ್ತು."

ಕೇಳದೆ ಹೇಳಬಾರದೆಂಬ ಸೂಚನೆಯಿತ್ತು ಎಂದೆ. ಅದು ಅವರಿಗಿರಲಿ, ನನಗೇ ರುಚಿಸಲಿಲ್ಲ.

ಅಂದು ಸಂಜೆ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರನ್ನು ಹುಡುಕಿದೆವು. ಹಿರಿಯರು ತಪ್ಪೊಪ್ಪಿಕೊಂಡು, ಫೈನಲ್ ನೀವೇ ಆಡಿ ಎಂದರು. ಕಂಡಕ್ಟರು ಒಪ್ಪಲಿಲ್ಲ, ಗೆಲ್ಲದೆ ಬಂದ ಜಾಗ ಬೇಡವೆಂದರು. ತಪ್ಪು ಕಂಡಿರಲಿಲ್ಲವೇ ಎಂದು ನಾನು ಕೇಳಿದೆ.

"ಕಂಡಿತ್ತು ಅಮ್ಮಾವ್ರೆ. ಆದ್ರೆ ಅಂಥ ದೊಡ್ಡೋರ ಮುಖಕ್ಕೆ ತಪ್ಪು ಮಾಡಿದ್ರಿ ಅಂತ ನಾನು ಎಂಗೆ ಅನ್ಲಿ? ನೀವು ಹೇಳ್ತೀರಿ ಅಂತ ಕಾದೆ."

ನಾನು ಸುಮ್ಮನಿದ್ದರೆ ಯಾರ ಕಡೆಗೂ ವಾಲಿದಂತಾಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಆ ಮೌನ ಒಬ್ಬರ ಆಟ ಕಿತ್ತುಕೊಂಡಿತ್ತು, ಇನ್ನೊಬ್ಬರ ನೆಮ್ಮದಿ ಕೆಡಿಸಿತ್ತು. ಕೊನೆಗೆ ನಾನೇ ಒಂದು ದಾರಿ ಹೇಳಿದೆ. ನಡೆಗಳೆಲ್ಲ ನನ್ನ ಕಾಗದದಲ್ಲಿದ್ದವು. ರಾಜ ಜಿಗಿಯುವ ಮುಂಚಿನ ಸ್ಥಿತಿಗೆ ಮಣೆ ಜೋಡಿಸಿ ಅಲ್ಲಿಂದ ಆಡಬಹುದಿತ್ತು. ಸಹಿ ಬಿದ್ದ ಮೇಲೆ ಬದಲಾವಣೆಯಿಲ್ಲ ಎಂದು ಕಾರ್ಯದರ್ಶಿಗಳು ಮೊದಲು ಗದರಿದರು. ಇಬ್ಬರು ಆಟಗಾರರೂ ಒಂದೇ ಮಾತು ಹೇಳಿದ್ದರಿಂದ ಗೊಣಗುತ್ತಲೇ ಒಪ್ಪಿದರು. ಐದನೆಯ ನಡೆಗೆ ಕಂಡಕ್ಟರು ಗೆದ್ದರು. ಹಿರಿಯರು ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಫೈನಲ್ ಶುರುವಾಗುವ ಮುನ್ನ ನಾನು ಎದ್ದು ನಿಂತು, ನಿಯಮಕ್ಕೆ ವಿರುದ್ಧವಾದ ನಡೆ ಕಂಡರೆ ಯಾರೂ ಕೇಳದಿದ್ದರೂ ಆಟ ನಿಲ್ಲಿಸುತ್ತೇನೆ ಎಂದು ಹೇಳಿದೆ. ಕಾರ್ಯದರ್ಶಿಗಳು ಕಿಟಕಿಯ ಕಡೆ ತಿರುಗಿಕೊಂಡರು.

ಕಂಡಕ್ಟರ ಎದುರಾಳಿ ಒಬ್ಬರು ವಕೀಲರು. ಮಧ್ಯದಲ್ಲಿ ಕಂಡಕ್ಟರು ಅವಸರದಿಂದ ಕುದುರೆಯನ್ನು ತಪ್ಪು ಮನೆಗೆ ನಡೆಸಿದರು. ಮುಂದಿನ ನಡೆಗೇ ಅವರ ಮಂತ್ರಿ ಹೋಗುವುದು ನನಗೆ ಸ್ಪಷ್ಟವಾಗಿ ಕಂಡಿತು. ಅವರು ನನ್ನ ಕಡೆ ನೋಡಲಿಲ್ಲ. ಆ ನಡೆ ಕೆಟ್ಟದ್ದಾಗಿತ್ತು, ನಿಯಮ ಮೀರಿದ್ದಲ್ಲ. ನಾನು ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು ಸುಮ್ಮನೆ ಕೂತೆ. ವಕೀಲರು ಮಂತ್ರಿಯನ್ನು ತೆಗೆದರು. ಕಂಡಕ್ಟರು ನಕ್ಕು, ಸೋಲೊಪ್ಪಿಕೊಂಡು, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಟೋಪಿ ಹಾಕಿಕೊಂಡು ಹೊರಟರು.