ಇಂಗ್ಲಿಷ್ ಸಿನಿಮಾದಲ್ಲಿ ನಮ್ಮವರ ಮಾತು

"ಆ ಹುಡುಗಿ ಅವನನ್ನ ಒಪ್ಪಬಾರದಿತ್ತು ಕಣೇ. ಸಿನಿಮಾ ಪೂರ್ತಿ ಗೋಳು ಹೊಯ್ಕೊಂಡವ್ನೆ!"

ಜಾವಗಲ್ ದಾಟಿದ ಬಸ್ಸಿನಲ್ಲಿ ನಾನು ತೂಕಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಚಿಕ್ಕಂದಿನಲ್ಲಿ ನೋಡಿದ ಕಪ್ಪು ಬಿಳುಪು ಇಂಗ್ಲಿಷ್ ಚಿತ್ರವೊಂದರ ಬಗ್ಗೆ ವಾದಿಸುತ್ತಿದ್ದರು.

"ಹೋಗೇ, ಬಾಣಾವರದಲ್ಲಿ ಚಿಕ್ಕಮ್ಮನ ವಠಾರದಲ್ಲಿ ನೋಡಿದ್ವಲ್ಲ, ಕೊನೇಲಿ ಅವನು ಏನಂದ? 'ಮಾತಾಡದಿದ್ರೂ ಪರವಾಗಿಲ್ಲ, ಪಕ್ಕದಲ್ಲಿ ಕೂತಿರು ಸಾಕು' ಅನ್ನಲಿಲ್ವಾ? ಅಂಥವನನ್ನ ಹೆಂಗೆ ಬಿಡ್ತಾಳೆ?"

ನಾನು ನೆಟ್ಟಗೆ ಕೂತೆ. ಅದು ಸಿನಿಮಾದ ಮಾತಲ್ಲ, ನಮ್ಮ ಯಜಮಾನರದು. ಆ ವಠಾರದಲ್ಲಿ ಟಿ.ವಿ. ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಇಂಗ್ಲಿಷ್ ಚಿತ್ರ ಬಂದರೆ ನೆರೆದವರಿಗೆಲ್ಲ ಅವರೇ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ತಿಳಿಯದ ಕಡೆ ತಮ್ಮದೇ ಮಾತು ಸೇರಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಮುನಿಸಿಕೊಂಡಾಗ ನನಗೆ ಹೇಳಿದ್ದನ್ನೇ ಅಂದು ನಾಯಕನ ಬಾಯಿಗೆ ಹಾಕಿ, ನನ್ನ ಕಡೆ ನೋಡಿ ನಕ್ಕಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು.

ತಿರುಗಿ ನೋಡಿದೆ. ಅಂದು ನಮ್ಮ ಮನೆಗೆ ಬರುತ್ತಿದ್ದ ಮಕ್ಕಳಲ್ಲಿ ಇವರು ಯಾರೋ, ಗುರುತು ಸಿಗಲಿಲ್ಲ. ಅವರಿಗೂ ನನ್ನ ಗುರುತಾಗಲಿಲ್ಲ.

"ನೀವೇ ಹೇಳ್ರಮ್ಮ, ಅಂಥವನನ್ನ ಒಪ್ಪಿದ್ದು ಸರೀನಾ ತಪ್ಪಾ?" ಎಂದು ಒಬ್ಬಳು ನಗುತ್ತ ಕೇಳಿದಳು.

"ಸರಿ ಕಣಮ್ಮ," ಎಂದೆ. ಅದು ಯಾರ ಮಾತೆಂದು ಹೇಳಲಿಲ್ಲ.

ಆಮೇಲೆ ಹಳೇಬೀಡು ಬರುವವರೆಗೂ ನಾನು ಏನೂ ಮಾತಾಡಲಿಲ್ಲ. ನನ್ನ ಪಕ್ಕದ ಸೀಟು ಖಾಲಿಯಿತ್ತು. ಆದರೂ ಆ ದಾರಿಯುದ್ದಕ್ಕೂ ನಮ್ಮ ಯಜಮಾನರು ಅಲ್ಲಿ ಕೂತೇ ಇದ್ದರು.