ಕೈಗೋ, ಕಾಲಿಗೋ?

ಚಾಕಮಾರ್ಕದ ಕಣಿವೆಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ. ಆದರೂ ಎಡನೂಲು ಬೇಕಾದಾಗ ಎಲ್ಲರೂ ಹೋಗುತ್ತಿದ್ದುದು ಹಸಿಂತಾಳ ಮನೆಗೇ. ಕದಿರನ್ನು ಎಡಕ್ಕೆ ತಿರುಗಿಸಿ ಹೊಸೆದ ಆ ನೂಲನ್ನು ಬಸುರಿಯ ಕೈಗೆ ಕಟ್ಟುತ್ತಾರೆ, ಕೆಡುಕು ಹತ್ತಿರ ಸುಳಿಯದಿರಲಿ ಎಂದು. ಸತ್ತವರ ಕಾಲಿಗೂ ಅದನ್ನೇ ಕಟ್ಟುತ್ತಾರೆ, ಅವರು ಮರಳಿ ಬಂದು ಇನ್ನೊಬ್ಬರನ್ನು ಕರೆದೊಯ್ಯದಿರಲಿ ಎಂದು. ಬಾಗಿಲು ಬಡಿದರೆ ಸಾಕು, ಹಸಿಂತಾಳ ಎದೆ ಧಸಕ್ಕೆನ್ನುತ್ತಿತ್ತು. ಬಂದವರ ಮುಖ ನೋಡುವ ಮೊದಲೇ ಕೇಳುತ್ತಿದ್ದಳು: “ಕೈಗೋ, ಕಾಲಿಗೋ?”

“ಕಂಬಳಿ ಕೊಳ್ಳೋಕೆ ಬಂದವ್ರನ್ನೂ ಹಂಗೇ ಕೇಳ್ತೀಯಲ್ಲೇ, ಹೆದರಿ ಓಡಿಹೋಗ್ತಾರೆ!” ಎಂದು ಗೆಳತಿ ಬಸಿಲಿಯಾ ಛೇಡಿಸುತ್ತಿದ್ದಳು.

“ಓಡ್ಲಿ ಬಿಡೇ. ಅವ್ರಿಗಿಂತ ಮೊದ್ಲು ಹೆದರಿರೋಳು ನಾನು.”

ಮಗಳು ವಿಲ್ಮಾ ಮೇಲಿನ ಹುಲ್ಲುಗಾವಲಿನ ಮನೆಯಲ್ಲಿ ತುಂಬುಬಸುರಿ. ಅವಳ ಕೈಗೆ ಆಗಲೇ ನೂಲು ಕಟ್ಟಿಯಾಗಿತ್ತು. ಇನ್ನು ಆ ಮನೆಯಿಂದ ಯಾರೂ ನೂಲು ಕೇಳಿ ಬಾರದಿದ್ದರೆ ಸಾಕಿತ್ತು. ಆಲೂಗಡ್ಡೆ ಅಗೆಯುವ ಕಾಲದ ಒಂದು ಮಧ್ಯಾಹ್ನ ಅಳಿಯ ಎಲೋಯ್ ಏದುಸಿರು ಬಿಡುತ್ತ ಬಂದು ಬಾಗಿಲಿಗೆ ಒರಗಿದ.

“ಕೈಗೋ, ಕಾಲಿಗೋ?” ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

“ಕಾಲು, ಅತ್ತೆ, ಕಾಲು...” ಎಂದವನೇ ಅಳುತ್ತ ಕೆಳಗಿನ ದಾರಿ ಹಿಡಿದು ಓಡಿದ.

ಹಸಿಂತಾ ನೂಲಿನ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು ಗುಡ್ಡ ಹತ್ತತೊಡಗಿದಳು. ತಾನು ಹೋಗಿ ನೋಡುವವರೆಗೆ ಮಗಳು ಸತ್ತಿಲ್ಲ ಅನ್ನಿಸಿ ಹೆಜ್ಜೆ ತಾನಾಗಿ ನಿಧಾನವಾಯಿತು. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಉಣ್ಣೆ ತುಳಿದು ತೊಳೆಯುತ್ತಿದ್ದ ಆ ಕೆಂಪು ಪಾದಗಳಿಗೆ ಗಂಟು ಹಾಕುವುದು ಹೇಗೆ?

ಕಲ್ಲುಬೇಲಿ ದಾಟುವಾಗ ಒಳಗಿನಿಂದ ಚೀರಾಟ ಕೇಳಿತು. ವಿಲ್ಮಾಳದೇ ದನಿ. ಹಸಿಂತಾ ಹೊಸ್ತಿಲವರೆಗೆ ಓಡಿ ನಿಂತಳು.

“ಎಲ್ಲಿ ಸತ್ತಿದ್ದೆಯಮ್ಮಾ ಇಷ್ಟೊತ್ತು?” ವಿಲ್ಮಾ ನೋವಿನಲ್ಲೇ ಕಿರುಚಿದಳು.

ಪಕ್ಕದ ಮನೆಯ ಮುದುಕಿ ಒಳಗಿನಿಂದಲೇ ಗದರಿದಳು: “ಮಗೂದು ಕಾಲು ಮೊದ್ಲು ಬಂದಿದೆ ಕಣೇ! ನಿಂತ್ಕೋಬೇಡ, ಇವಳ ಬೆನ್ನು ಹಿಡ್ಕೋ!”

ಎಲೋಯ್ ಆಸ್ಪತ್ರೆಯಿಂದ ನರ್ಸನ್ನು ಕರೆತಂದ. ಹೊತ್ತು ಮುಳುಗುವಾಗ ಮಗು ಅತ್ತಿತು, ತಾಯಿಯೂ ಉಳಿದಳು. ಹಸಿಂತಾ ಮತ್ತೆಂದೂ ಯಾರನ್ನೂ ಹಾಗೆ ಕೇಳಲಿಲ್ಲ. ಬಾಗಿಲು ತೆರೆದು, ಎದೆ ಹಿಡಿದುಕೊಂಡು, ಬಂದವರೇ ಹೇಳಲೆಂದು ಕಾಯುತ್ತಿದ್ದಳು.

ಈ ಚಳಿಗಾಲ ಬಸಿಲಿಯಾಳ ಬಾಗಿಲು ಬಡಿದವಳು ವಿಲ್ಮಾ. ಕೈಯಲ್ಲಿ ತಾಯಿಯ ಕದಿರಿತ್ತು. ಕೈಗೋ, ಕಾಲಿಗೋ ಎಂದು ಬಸಿಲಿಯಾ ಕೇಳಬೇಕಾಗಲಿಲ್ಲ. ತನ್ನ ಕಾಲಿಗೆ ಬೇಕಾದಷ್ಟು ಎಡನೂಲನ್ನು ಹಸಿಂತಾ ಸಾಯುವ ಮೊದಲೇ ತಾನೇ ಹೊಸೆದಿಟ್ಟಿದ್ದಳು. ಕಟ್ಟಿದವಳು ಬಸಿಲಿಯಾ. ಗಂಟನ್ನು ಮಾತ್ರ ಸಡಿಲವಾಗಿ ಹಾಕಿದಳು. ಬಂದರೆ ಬರಲಿ.